ಐದು ರೂಪಾಯಿ ಡಿಪಾಸಿಟ್ಟಿನ ತಳ್ಳುಗಾಡಿ

ನನ್ನ ದುಡ್ಡು ಕೊಟ್ಟು ಸಾಮಾನು ಕೊಳ್ಳಲು ಹೋಗುವ ನಾನು, ಮೊದಲು ಐದು ರೂಪಾಯಿ ಇಟ್ಟು ನಾನು ಕಳ್ಳಿಯಲ್ಲ ಎಂದು ನಂಬಿಸಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದಾಗಿ ತೆರೆದಿದ್ದ ಒಂದು ದೊಡ್ಡ ಕಿರಾಣಿ ಅಂಗಡಿಯ ಕಾನೂನು ಇದು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಅಂಗಡಿಯವನದು ತಲೆಮಾರುಗಳಿಂದ ವ್ಯಾಪಾರ ಮಾಡಿದ ಮನೆತನ. ಅವನಪ್ಪ ಹಳೇ ಪೇಟೆಯಲ್ಲಿ ತಕ್ಕಡಿ ಹಿಡಿದು ಕೂತಿದ್ದಾಗ ತೂಕದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಿದವನಲ್ಲ. ಮಗ ಬೆಂಗಳೂರಿಗೆ ಹೋಗಿ ಬಂದ. ಅಲ್ಲಿ ಎಲ್ಲೋ ಗಿರಾಕಿಗಳೇ ಗಾಡಿ ತಳ್ಳಿಕೊಂಡು ಸಾಮಾನು ಆರಿಸಿಕೊಳ್ಳುವುದನ್ನು ಕಂಡನಂತೆ. ಬಂದವನೇ ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಆರು ಗಾಡಿ ಮಾಡಿಸಿದ. ಕಬ್ಬಿಣದ ಸರಳಿನ ಬುಟ್ಟಿ, ಕೆಳಗೆ ಮಕ್ಕಳ ಸೈಕಲ್ಲಿನ ಚಕ್ರ. ಸಂತೆಗೆ ಮೂರು ಮೊಳ ನೇಯ್ದ ಹಾಗಿದ್ದವು. ನಾವು ಬೇಳೆಯ ಕಡೆ ತಳ್ಳಿದರೆ ಅವು ಸೋಪಿನ ಕಡೆ ಹೋಗುತ್ತಿದ್ದವು. ಇಂಥ ಗಾಡಿಗಳನ್ನು ಚಿನ್ನದ ಪದಕವೇನೋ ಎಂಬಂತೆ ಬಾಗಿಲ ಬಳಿ ಸರಪಳಿ ಹಾಕಿ ಬಿಗಿದು, ಒಬ್ಬ ಕಾವಲುಗಾರನನ್ನು ಕೂರಿಸಿದ್ದ. ಕಾವಲುಗಾರನ ಕೈಗೆ ಐದು ರೂಪಾಯಿ ನಾಣ್ಯ ಕೊಟ್ಟರೆ ಬೀಗ ತೆಗೆದು ಒಂದು ತಗಡಿನ ಬಿಲ್ಲೆ ಕೊಡುತ್ತಿದ್ದ. ಗಾಡಿ, ಬಿಲ್ಲೆ ಎರಡೂ ವಾಪಸು ಮಾಡಿದರೆ ಗಲ್ಲಾದಲ್ಲಿ ನಮ್ಮ ಐದು ರೂಪಾಯಿ ನಮಗೆ.

ಅದೂ ನಾಣ್ಯವೇ ಆಗಬೇಕು. ಟ್ರ್ಯಾಕ್ಟರ್ ಚಿತ್ರದ ಐದರ ನೋಟು ಚಾಚಿದರೆ ಕಾವಲುಗಾರ ಮುಟ್ಟುತ್ತಲೇ ಇರಲಿಲ್ಲ. "ನೋಟು ನಡೆಯಂಗಿಲ್ರಿ ಟೀಚರ್. ನಾಣ್ಯನೇ ಬೇಕು ಅಂತ ಸಾವ್ಕಾರ್ರು ಹೇಳ್ಯಾರ." ಆಗ ಊರಲ್ಲಿ ಚಿಲ್ಲರೆಗೆ ಎಂಥಾ ಬರ ಅಂದರೆ, ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದು ಕೊಟ್ಟು ನಾವು ಇಳಿಯುವಾಗ ಮಾಯವಾಗುತ್ತಿದ್ದ. ದಪ್ಪನೆಯ ಐದರ ನಾಣ್ಯಕ್ಕಾಗಿ ನಾನು ಹೂವಿನವಳ ಹತ್ತಿರ, ಹೋಟೆಲಿನವನ ಹತ್ತಿರ ಅಂಗಲಾಚಿದ್ದೇನೆ. ಮಾಧ್ಯಮಿಕ ಶಾಲೆಯ ಟೀಚರು, ಕೈಚೀಲದಲ್ಲಿ ನೂರು ರೂಪಾಯಿ ಇದ್ದೂ ಭಿಕ್ಷೆ ಎತ್ತುವ ಹಾಗಾಗಿತ್ತು.

ವಾಪಸು ಕೊಡುವಾಗ ಇನ್ನೊಂದು ಆಟ. "ಚಿಲ್ಲರೆ ಇಲ್ಲ ಟೀಚರ್" ಎಂದು ಸಾಹುಕಾರ ಹತ್ತು ಪೆಪ್ಪರಮೆಂಟು ಎಣಿಸಿ ಇಡುತ್ತಿದ್ದ. ನಾವು ಕೊಟ್ಟ ನಾಣ್ಯಗಳ ಡಬ್ಬಿ ಅವನ ಮೊಣಕೈ ಪಕ್ಕದಲ್ಲೇ ತುಂಬಿ ಕೂತಿರುತ್ತಿತ್ತು. ನನಗೆ ಆಗ ಅರ್ಥವಾಯಿತು, ಇದು ಗಾಡಿಯ ಚಿಂತೆಯಲ್ಲ, ಊರಿನ ಚಿಲ್ಲರೆಯನ್ನೆಲ್ಲ ಗೋರಿಕೊಳ್ಳುವ ಉಪಾಯ. ಒಂದು ಸಲ ಅವನೇ ಕೊಟ್ಟ ಹತ್ತು ಪೆಪ್ಪರಮೆಂಟನ್ನು ಮರುವಾರ ಕಾವಲುಗಾರನ ಕೈಯಲ್ಲಿಟ್ಟು "ತಗೊಳ್ಳಿ, ಐದು ರೂಪಾಯಿ. ಗಾಡಿ ಬಿಚ್ಚಿ" ಅಂದೆ. ಅವನು ನಕ್ಕ, ಗಾಡಿ ಬಿಚ್ಚಲಿಲ್ಲ. ಶಾಲೆಯಲ್ಲಿ ಎಲ್ಲರಿಗೂ ಈ ಕಥೆ ಹೇಳಿ ನಾನು ದೊಡ್ಡ ಧೀರೆ ಅನ್ನಿಸಿಕೊಂಡೆ. ಆದರೂ ಮುಂದಿನ ವಾರ ಅಲ್ಲಿಗೇ ಹೋದೆ. ಎಣ್ಣೆ ಅಲ್ಲಿ ಎರಡು ರೂಪಾಯಿ ಕಡಿಮೆ.

ಆ ಸಲದ ದೀಪಾವಳಿ ಕಳೆದ ಮೇಲೆ ನನ್ನ ಅತ್ತೆ ಸೊರಬದಿಂದ ನಮ್ಮ ಮನೆಗೆ ಬಂದರು. ಅವರಿರುತ್ತಿದ್ದದ್ದು ಅಲ್ಲಿ, ನನ್ನ ಗಂಡನ ಅಣ್ಣನ ಮನೆಯಲ್ಲಿ. ವರ್ಷಕ್ಕೊಮ್ಮೆ ಒಂದು ತಿಂಗಳು ನಮ್ಮಲ್ಲಿ. ಗಟ್ಟಿ ಹೆಂಗಸು. ಸುಮ್ಮನೆ ಕೂರುವುದು ಅವರಿಗೆ ಜ್ವರ ಬಂದಾಗಲೂ ಆಗದ ಕೆಲಸ.

ಒಂದು ಶುಕ್ರವಾರ ಸಂಜೆ ಶಾಲೆಯಿಂದ ಬಂದು ನೋಡುತ್ತೇನೆ, ಅಂಗಡಿಯ ಗಾಡಿ ನಮ್ಮ ಬಾಗಿಲಲ್ಲಿ ನಿಂತಿದೆ. ಅತ್ತೆ ಅದರ ಚಕ್ರಕ್ಕೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಾರೆ.

"ಇದನ್ನ ಯಾಕೆ ತಂದ್ರಿ ಅತ್ತೆ?" ಅಂದೆ.

"ಅಕ್ಕಿ, ಬೆಲ್ಲ, ಕಾಯಿ ಎಲ್ಲ ತಗಂಡೆ. ಹೊತ್ಕಂಡು ಬರಕ್ಕೆ ಆಗ್ತದಾ? ಐದು ರೂಪಾಯಿ ಬಾಡಿಗೆ ಕೊಟ್ಟಿದೀನಿ ಕಣೆ. ಸೊರಬದ ಸಂತೇಲೂ ತಳ್ಳೋ ಗಾಡಿ ಬಾಡಿಗೆಗೆ ಕೊಡ್ತಾರೆ. ಮನೇಲಿ ಸಾಮಾನು ಇಳಿಸ್ಕಂಡು ವಾಪಸ್ ಬಿಟ್ಟು ಬರದು. ಇಲ್ಲೆಂತ ಬೇರೆಯಾ?"

ಅವರು ಗಾಡಿ ತಳ್ಳಿಕೊಂಡು ಹೊರಬರುವಾಗ ಕಾವಲುಗಾರ ಚಹಾ ಕುಡಿಯಲು ಹೋಗಿದ್ದನಂತೆ, ಯಾರೂ ತಡೆಯಲಿಲ್ಲ. ನನಗೆ ಹೊಟ್ಟೆ ತುಂಬ ನಗು ಬಂತು. ಅವನಿಗೆ ಹೀಗೇ ಆಗಬೇಕು ಅಂದುಕೊಂಡೆ. ಅದು ಬಾಡಿಗೆಯಲ್ಲ, ಡಿಪಾಸಿಟ್ಟು, ಗಾಡಿ ಅಂಗಡಿ ಬಿಟ್ಟು ಹೊರಗೆ ಬರಬಾರದು ಎಂದು ವಿವರಿಸಿದೆ. ಅತ್ತೆಯ ಮುಖ ಸಣ್ಣದಾಯಿತು. ಕೂಡಲೇ ಕೊಟ್ಟು ಬರೋಣವೆಂದರೆ, ಶುಕ್ರವಾರ, ದೀಪ ಹಚ್ಚುವ ಹೊತ್ತು, ಆ ಹೊತ್ತಲ್ಲಿ ಮನೆಯಿಂದ ಏನನ್ನೂ ಹೊರಗೆ ಕಳಿಸುವುದಿಲ್ಲ ಎಂದರು. ನಾಳೆ ನೋಡೋಣ ಎಂದು ನಾನೂ ಸುಮ್ಮನಾದೆ.

ಮರುದಿನ ಶನಿವಾರ, ಬೆಳಗಿನ ಶಾಲೆ. ಮಧ್ಯಾಹ್ನ ನಾನು ಬರುವಷ್ಟರಲ್ಲಿ ಅತ್ತೆ ಗಾಡಿಯನ್ನು ಒರೆಸಿ ಇಟ್ಟಿದ್ದರು. ಒಳಗೆ ಬಿಳಿ ಬಟ್ಟೆಯಲ್ಲಿ ಒಂದು ಗಂಟು. ಸೊರಬದಿಂದ ನಮಗೆಂದು ತಂದಿದ್ದ ಕೆಂಪಕ್ಕಿ ಅವಲಕ್ಕಿಯಲ್ಲಿ ಅರ್ಧ ಪಾಲು. ಯಾರ ಪಾತ್ರೆಯನ್ನೇ ತಂದರೂ ಅದನ್ನು ಖಾಲಿ ಹಿಂದಿರುಗಿಸುವುದು ಅವರ ಜನ್ಮದಲ್ಲಿ ಇಲ್ಲ. ಪಕ್ಕದ ಮನೆಯಿಂದ ಲೋಟ ಬಂದರೂ ಚೂರು ಸಕ್ಕರೆಯಾದರೂ ಹಾಕಿಯೇ ಕೊಡುತ್ತಿದ್ದರು.

"ಅತ್ತೆ, ಅದು ಅಂಗಡಿ."

"ಅಂಗಡಿಯವ್ನೂ ಮನುಷ್ಯನೇ ಅಲ್ವನೆ? ಒಂದು ರಾತ್ರಿ ಅವನ ಗಾಡಿ ನಮ್ಮನೇಲಿತ್ತು."

ಇಬ್ಬರೂ ತಳ್ಳಿಕೊಂಡು ಹೋದೆವು. ಎಣ್ಣೆ ಬಿಟ್ಟಿದ್ದಕ್ಕೆ ಗಾಡಿ ಮೊದಲ ಸಲ ನೆಟ್ಟಗೆ ಓಡಿತು. ಬಾಗಿಲಲ್ಲಿ ಕಾವಲುಗಾರ ನಮ್ಮನ್ನು ಕಂಡವನೇ ಒಳಗೆ ಕೂಗಿ ಹೇಳಿದ. ಸಾಹುಕಾರ ಗಲ್ಲಾ ಬಿಟ್ಟು ಎದ್ದು ಬಂದ. ಶನಿವಾರದ ಗಿರಾಕಿ, ಅಂಗಡಿ ತುಂಬ ಜನ. ನನ್ನ ಶಾಲೆಯ ಮಕ್ಕಳ ತಾಯಂದಿರೇ ನಾಲ್ಕೈದು ಮಂದಿ ಇದ್ದರು.

"ಏನಜ್ಜಿ, ಗಾಡೀನೇ ಹೊಡಕಂಡು ಹೋಗಿದ್ರಲ್ಲ?" ಅಂದ. ಅತ್ತೆ ಸಮಾಧಾನವಾಗಿ, ಬಾಡಿಗೆಯೆಂದು ತಿಳಿದಿದ್ದೆ ಎಂದು ಹೇಳಿ ಬಿಲ್ಲೆ ಚಾಚಿದರು. ಅಷ್ಟರಲ್ಲಿ ಕಾವಲುಗಾರ ಗಂಟು ಬಿಚ್ಚಿದ. "ಸಾವ್ಕಾರ್ರ, ಅವಲಕ್ಕಿ ಐತಿ ನೋಡ್ರಿ. ಬಿಲ್ಲಿಲ್ಲ."

ಅವನ ಅಂಗಡಿಯಲ್ಲಿ ಅವಲಕ್ಕಿಯನ್ನು ಚೀಲದಿಂದ ನಾವೇ ಅಳೆದುಕೊಳ್ಳಬೇಕಿತ್ತು. ಅದು ಬಿಳಿ, ಕಾಗದದಂತೆ ತೆಳು. ಇದು ಕೆಂಪು, ದಪ್ಪ. ಎರಡು ಹೆಜ್ಜೆ ಹೋಗಿ ಚೀಲದಲ್ಲಿ ಕೈ ಹಾಕಿ ನೋಡಿದ್ದರೆ ಮುಗಿಯುತ್ತಿತ್ತು. ತಲೆಮಾರುಗಳಿಂದ ಧಾನ್ಯ ಮುಟ್ಟಿ ಬದುಕಿದ ಮನೆಯವನಿಗೆ ಅಷ್ಟೂ ಕಾಣಲಿಲ್ಲವೆಂದರೆ ಅವನ ಕಣ್ಣಿಗಿಷ್ಟು ಮಣ್ಣು ಹಾಕ. ಗಿರಾಕಿಗಳೆಲ್ಲ ಕಳ್ಳರು ಎಂದು ಒಮ್ಮೆ ಬಾಗಿಲಿಗೆ ಬೀಗ ಹಾಕಿದವನಿಗೆ ಆಮೇಲೆ ಕಾಣುವುದೆಲ್ಲ ಕಳ್ಳತನವೇ.

"ಅದು ನಿಂಗೆ ಕಣಪ್ಪ. ನಾನೇ ಕೊಡಕ್ಕೆ ತಂದಿದ್ದು," ಅಂದರು ಅತ್ತೆ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಅಂಗಡಿಯವನಿಗೇ ಅವಲಕ್ಕಿ ಕೊಡಲು ಬಂದ ಅಜ್ಜಿ ಎಂದರೆ ಯಾರು ನಂಬುತ್ತಾರೆ? ಅತ್ತೆ ನನ್ನ ಕಡೆ ತಿರುಗಿದರು.

ಸಾಹುಕಾರ ಗಂಟನ್ನು ತಕ್ಕಡಿಗೆ ಹಾಕಿದ. "ಹೋಗ್ಲಿ ಬಿಡ್ರಿ ಟೀಚರ್, ವಯಸ್ಸಾದವ್ರು. ನಿಮ್ಮ ಮುಖ ನೋಡಿ ಬಿಡ್ತೀನಿ. ಡಿಪಾಸಿಟ್ಟು ವಾಪಸ್ ಬರಲ್ಲ. ಇದಕ್ಕೆ ಹನ್ನೆರಡು ರೂಪಾಯಿ ಆಗ್ತದೆ, ಕೊಟ್ಟುಬಿಡ್ರಿ, ಮುಗೀತು."

ನಾನು ಕೊಟ್ಟೆ. ಪರ್ಸು ತೆಗೆದು ಹನ್ನೆರಡು ರೂಪಾಯಿ ಎಣಿಸಿ ಕೊಟ್ಟೆ. "ಅವರಿಗೆ ಗೊತ್ತಾಗಲ್ಲ, ತಪ್ಪು ತಿಳ್ಕೋಬೇಡಿ" ಎಂದೂ ಸೇರಿಸಿದೆ. ಜನ ನೋಡುತ್ತಿದ್ದರು, ಬೇಗ ಅಲ್ಲಿಂದ ಹೊರಬೀಳಬೇಕಿತ್ತು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಬಿಲ್ಲನ್ನೂ ಕೊಟ್ಟ. ನಮ್ಮದೇ ಅವಲಕ್ಕಿಗೆ ಬಿಲ್ಲು.

ಅರ್ಧ ದಾರಿಯವರೆಗೆ ನಾನು ಅವನನ್ನು ಬೈಯುತ್ತ ಬಂದೆ, ಅವನ ವಂಶ, ಅವನ ಗಾಡಿ, ಅವನ ಡಬ್ಬಿ, ಒಂದನ್ನೂ ಬಿಡಲಿಲ್ಲ. ಕೆರೆ ಏರಿಯ ಹತ್ತಿರ ಅತ್ತೆ ನಿಂತರು.

"ಅವನು ಹೊರಗಿನವ್ನು, ಅವನಿಗೆಂತ ಗೊತ್ತು. ನೀ ಯಾಕೆ ದುಡ್ಡು ಕೊಟ್ಟೆ?"

"ಜನ ನೋಡ್ತಿದ್ರು ಅತ್ತೆ."

"ಅದಕ್ಕೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕಂಡಂಗೆ ಮಾಡಿದೆ. ನಿನ್ನ ಹೆಗಲಾದ್ರೂ ಮುಟ್ಕಂಡ್ಯಾ? ನನ್ನ ಹೆಗಲು ಮುಟ್ಟಿದೆ."

ಈಗಲೇ ವಾಪಸು ಹೋಗಿ, ಅಷ್ಟೇ ಜನರೆದುರು, ಅದು ನಮ್ಮನೆಯದು ಎಂದು ಹೇಳಿ ಬಾ ಎಂದರು. ಬೇರೇನೂ ಬೇಡ ಎಂದರು. ಸೋಮವಾರ ಹೇಳುತ್ತೇನೆ ಎಂದೆ. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಅವರು ಸೊರಬಕ್ಕೆ ಹೊರಟರು. ತಿಂಗಳು ಮುಗಿಯಲು ಇನ್ನೂ ಹನ್ನೊಂದು ದಿನ ಇತ್ತು.

ಈ ಕಥೆಯನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿದವರೆಲ್ಲ ಸಾಹುಕಾರನಿಗೆ ಛೀಮಾರಿ ಹಾಕಿದ್ದಾರೆ. ನಾನು ಹನ್ನೆರಡು ರೂಪಾಯಿ ಕೊಟ್ಟದ್ದನ್ನು ಮಾತ್ರ ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಆ ಸೋಮವಾರವೂ ನಾನು ಅಂಗಡಿಗೆ ಹೋಗಲಿಲ್ಲ.