ಆಯುಧಪೂಜೆಯ ದಿನ ತೆರೆಯದ ಮುಚ್ಚಳ

ನಾಗಪುರದ ಬಳಿಯ ಕಾಮಠಿಯ ಫೌಜಿ ವರ್ಕ್‌ಶಾಪಿನಲ್ಲಿ ಇಪ್ಪತ್ತನಾಲ್ಕು ವರ್ಷ ಟ್ರಕ್ಕುಗಳ ಹೊಟ್ಟೆಯಡಿ ಮಲಗಿ ದುಡಿದ ಮಲ್ಲೇಶಪ್ಪನಿಗೆ ನೀರೆಂದರೆ ಒಳಗೊಳಗೇ ಭಯ. ಬ್ಯಾಡಗಿ ಕಡೆಯ ಅವನ ಊರಿನ ಕೆರೆಯಲ್ಲಿ ಎಮ್ಮೆಯ ಬೆನ್ನು ಮುಳುಗಿದರೆ ಅದೇ ದೊಡ್ಡ ಸಂಗತಿ. ಆದರೂ ನಿವೃತ್ತನಾದ ಮೇಲೆ ನಾಗಪುರದ ಕೆರೆಯೊಂದರ ದೋಣಿ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಕೆಲಸ ಒಪ್ಪಿಕೊಂಡ. ಅಲ್ಲಿಯ ದೊಡ್ಡ ಹಾಯಿದೋಣಿಗೆ ಟ್ರಕ್ಕಿನಂತೆಯೇ ಸ್ಟೇರಿಂಗ್ ಚಕ್ರವಿತ್ತು. ಚಕ್ರಕ್ಕೆ ಕಟ್ಟಿದ ಉಕ್ಕಿನ ತಂತಿ ದೋಣಿಯೊಳಗೆ ಹಾದು, ಹಿಂಬದಿಯ ಎರಡು ರಾಟೆಗಳ ಮೇಲೆ ಹೊರಳಿ, ನೀರಿನಲ್ಲಿಳಿದ ಚುಕ್ಕಾಣಿಯನ್ನು ಎಳೆಯುತ್ತಿತ್ತು.

"ಮುಂದ ತಿರುವಿದರ ಹಿಂದ ತಿರುಗತೈತಿ. ಅಷ್ಟ ಅಲ್ಲೇನ್ರಿ ಸರ್?" ಎಂದು ಮೊದಲ ದಿನವೇ ಕ್ಲಬ್ಬಿನ ಕಾರ್ಯದರ್ಶಿ ಗೋವಿಂದರಾಜು ಅವರನ್ನು ನಗಿಸಿದ್ದ.

ಈ ಸಲದ ಆಯುಧಪೂಜೆಯ ದಿನ ಮಲ್ಲೇಶಪ್ಪ ತನ್ನ ನಟ್ಟು ಬಿಚ್ಚುವ ಪಾನಾ, ಇಕ್ಕಳ, ಸುತ್ತಿಗೆಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಗೋಣಿತಟ್ಟಿನ ಮೇಲೆ ಸಾಲಾಗಿಟ್ಟು ವಿಭೂತಿ ಬಳಿದ. ಪೂಜೆಗಿಟ್ಟ ಆಯುಧವನ್ನು ಮರುದಿನ ಬನ್ನಿ ಹಂಚುವ ತನಕ ಎತ್ತಬಾರದು. ಅಪ್ಪನ ಕಾಲದ ಈ ಕಟ್ಟಳೆಯನ್ನು ಅವನು ಫೌಜಿನಲ್ಲೂ ಮುರಿದವನಲ್ಲ.

ವಿಭೂತಿ ಇನ್ನೂ ಒಣಗಿರಲಿಲ್ಲ. ಲಾಸ್ಯ ಓಡಿಬಂದಳು. ಏರ್‌ಫೋರ್ಸಿನಲ್ಲಿರುವ ಮೈಸೂರು ಕಡೆಯವರೊಬ್ಬರ ಮಗಳು, ಕಾಲೇಜು ಹುಡುಗಿ. ಮರುದಿನದ ಪಂದ್ಯದಲ್ಲಿ ಚಕ್ರ ಹಿಡಿಯುವವಳು ಅವಳೇ.

"ಅಂಕಲ್, ಸ್ಟೇರಿಂಗ್ ಎಡಕ್ಕೆ ಬರೋಬರ್ ತಿರುಗ್ತಿಲ್ಲ. ಕರ್ ಕರ್ ಅನ್ನುತ್ತೆ. ಒಂದ್ಸಲ ನೋಡಿ ಪ್ಲೀಸ್."

ಮಲ್ಲೇಶಪ್ಪ ಪಾನಾಗಳ ಕಡೆ ನೋಡಿದ. "ದೋಣಿದಾಗ ಏನೂ ಇಲ್ಲವ್ವಾ, ನಿನ್ನ ಕೈಯಾಗ ಐತಿ. ಎಮ್ಮಿ ಹಗ್ಗ ಜಗ್ಗಿದಂಗ ಜಗ್ಗಿದರ ಅದರ ಏನ್ ಮಾಡೀತು? ಸಡ್ಲ ಹಿಡಿ."

"ಸರಿ, ಎಮ್ಮೆ ಅಲ್ಲ ಅಂದ್ಕೊಂಡು ಹಿಡೀತೀನಿ," ಎಂದು ನಗುತ್ತ ಹೋದಳು.

ಮರುದಿನ ಗಾಳಿ ಜೋರಾಗಿತ್ತು. ದಡದ ಹತ್ತಿರ ಎಡಕ್ಕೆ ಹೊರಳಿಸಬೇಕಾದಾಗ ಚಕ್ರ ಸುಮ್ಮನೆ ಗಿರಗಿರನೆ ತಿರುಗಿತು. ದೋಣಿ ನೆಟ್ಟಗೆ ಹೋಗಿ ಕಲ್ಲಿನ ಮೆಟ್ಟಿಲಿಗೆ ಬಡಿಯಿತು. ಹಾಯಿಯ ಹಗ್ಗ ಹಿಡಿದಿದ್ದ ಗೆಳತಿ ದಮಯಂತಿ ಎಗರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಲಾಸ್ಯ ಗಾಬರಿಯಲ್ಲಿ ಉಲ್ಟಾ ತಿರುಗಿಸಿದಳು ಎಂದರು ಎಲ್ಲರೂ. ಲಾಸ್ಯ ಎದುರಾಡಲಿಲ್ಲ. ತಪ್ಪು ಕೈಯಲ್ಲಿದೆ ಎಂದು ಮೆಕ್ಯಾನಿಕ್ಕೇ ಹೇಳಿದ್ದನಲ್ಲ!

ಹಬ್ಬ ಮುಗಿದ ಮೇಲೆ ಮಲ್ಲೇಶಪ್ಪ ಒಬ್ಬನೇ ದೋಣಿಗಿಳಿದ. ಚಕ್ರ ತಿರುವಿದ, ಚುಕ್ಕಾಣಿ ಅಲುಗಲಿಲ್ಲ. ಅಂದರೆ ನಡುವೆ ಎಲ್ಲೋ ಕಡಿದಿದೆ. ಹಳೆಯ ಬಟ್ಟೆಯೊಂದನ್ನು ತಂತಿಗೆ ಸುತ್ತಿ ಮುಂದಿನಿಂದ ಹಿಂದಕ್ಕೆ ಒರೆಸುತ್ತ ಹೋದ. ಎಡಗಡೆಯ ರಾಟೆಯ ಬಳಿ ಬಟ್ಟೆ ಸಿಕ್ಕಿಕೊಂಡಿತು. ರಾಟೆಯ ಮೇಲಿನ ಮುಚ್ಚಳ ತೆಗೆದಿಟ್ಟು ನೋಡಿದ. ರಾಟೆಯ ಗೂಟ ತುಕ್ಕು ಹಿಡಿದು ರಾಟೆ ತಿರುಗುವುದನ್ನೇ ಬಿಟ್ಟಿತ್ತು. ತಂತಿ ಅದರ ಮೇಲೆ ಉಜ್ಜಿ ಉಜ್ಜಿ ಒಂದೊಂದೇ ಎಳೆ ಕಡಿದು, ಕೊನೆಗೆ ಪೂರ್ತಿ ತುಂಡಾಗಿತ್ತು. ತೆಗೆದಿಟ್ಟ ಮುಚ್ಚಳವನ್ನು ಮತ್ತೆ ಕೈಗೆತ್ತಿಕೊಂಡ. ಅದಕ್ಕಿದ್ದದ್ದು ಕೈಯಿಂದಲೇ ತಿರುಗಿಸುವ ಎರಡು ತಿರುಪು. ಅದನ್ನು ತೆರೆಯಲು ಪಾನಾ ಬೇಕೇ ಇರಲಿಲ್ಲ.

ಹೊಸ ರಾಟೆ, ಹೊಸ ತಂತಿ ಹಾಕಿದ. ಚುಕ್ಕಾಣಿ ನೆಟ್ಟಗಿರುವಾಗ ಚಕ್ರದ ಗುರುತು ಮೇಲಕ್ಕೆ ಬರುವಂತೆ ಹೊಂದಿಸಿದ. "ಏನಾಗಿತ್ತ್ರೀ?" ಎಂದು ಗೋವಿಂದರಾಜು ಕೇಳಿದಾಗ, "ಕಲ್ಲಿಗೆ ಬಡದಾಗ ತಂತಿ ಹರದೈತ್ರಿ ಸರ್" ಎಂದುಬಿಟ್ಟ. ಬಾಯಿಂದ ಜಾರಿದ ಮಾತಲ್ಲ. ಲೆಕ್ಕ ಹಾಕಿಯೇ ಆಡಿದ್ದು.

ಅಂದಿನಿಂದ ಲಾಸ್ಯ ಕ್ಲಬ್ಬಿಗೆ ಬಂದರೂ ನೀರಿಗಿಳಿಯದೆ ದಡದಲ್ಲೇ ಕೂತು ಹೋಗುತ್ತಿದ್ದಳು. ಭಾನುವಾರದ ಸಭೆಯಲ್ಲಿ ಚಕ್ರ ಹಿಡಿಯುವವರ ಪಟ್ಟಿಯಿಂದ ಅವಳ ಹೆಸರು ತೆಗೆಯುವುದೆಂದು ತೀರ್ಮಾನವಾಗಿತ್ತು. ಹೆಂಡತಿ ಚಂಪಾ ಮೂರು ದಿನ ಗಂಡನ ಬಾಡಿದ ಮುಖ ನೋಡಿ, ನಾಲ್ಕನೆಯ ದಿನ ಎಲ್ಲ ಬಾಯಿ ಬಿಡಿಸಿದಳು.

"ಪೂಜಿಗಿಟ್ಟ ಪಾನಾ ಹೆಂಗ ಎತ್ತಲಿ?" ಎಂದ.

"ಪಾನಾ ಎತ್ತಬಾರದು ಅಂತಿತ್ತು. ಖರೇ ಹೇಳಬಾರದು ಅಂತ ಯಾವ ದೇವರು ಹೇಳಿದ್ದ? 'ಇವತ್ತ ನೋಡಂಗಿಲ್ಲ, ನಾಳೆ ದೋಣಿ ಬಿಡಬ್ಯಾಡ್ರಿ' ಅಂದಿದ್ರ ಸಾಕಿತ್ತು," ಎಂದಳು ಚಂಪಾ.

ಭಾನುವಾರ ಹಳೆಯ ತಂತಿಯನ್ನು ಪೇಪರಿನಲ್ಲಿ ಸುತ್ತಿ ತಂದು ಗೋವಿಂದರಾಜು ಅವರ ಮೇಜಿನ ಮೇಲಿಟ್ಟ. ಲಾಸ್ಯ ಬಾಗಿಲ ಬಳಿ ನಿಂತಿದ್ದಳು.

"ನಾ ಸುಳ್ಳು ಹೇಳಿದ್ನಿರಿ ಸರ್. ಕಲ್ಲಿಗೆ ಬಡದು ಹರದಿದ್ರ ತುದಿ ಹೊಳೀತಿದ್ದುವು. ಇವು ನೋಡ್ರಿ, ಜಂಗ್ ಹಿಡದು ಕೆಂಪಾಗ್ಯಾವ. ಭಾಳ ದಿನದಿಂದ ಕಡಿಯಾಕತ್ತಿತ್ತು. ಈ ಹುಡಿಗಿ ಹೇಳಿದ್ಲು, ನಾ ನೋಡಲಿಲ್ಲ."

ಗೋವಿಂದರಾಜು ತುದಿಗಳನ್ನು ಬೆಳಕಿಗೆ ಹಿಡಿದು ನೋಡಿದರು. "ನಿಮ್ಮನ್ನ ನಂಬಿ ಜನ ನೀರಿಗಿಳೀತಾರೆ ಮಲ್ಲೇಶಪ್ಪ. ಇನ್ಮೇಲೆ ನಿಮ್ಮ ಕೆಲಸಾನ ಇನ್ನೊಬ್ಬರು ಪರೀಕ್ಷೆ ಮಾಡ್ತಾರೆ," ಎಂದು ಲಾಸ್ಯಳ ಹೆಸರನ್ನು ಪಟ್ಟಿಯಲ್ಲಿ ಉಳಿಸಿದರು.

ಲಾಸ್ಯಳ ಮುಖ ಅರಳಲಿಲ್ಲ. "ಗೊತ್ತಿದ್ದೂ ಸುಮ್ನಿದ್ರಾ ಅಂಕಲ್?"

"ಹೂನವ್ವಾ."

"ದಮಯಂತಿ ನನ್ನ ಫೋನೇ ಎತ್ತಲ್ಲ. ನಾನು ಹೇಳಿದ್ರೆ ನಂಬಲ್ಲ. ನೀವೇ ಬಂದು ಹೇಳ್ಬೇಕು. ಈಗ್ಲೇ."

ಲಾಸ್ಯ ಅವನನ್ನು ಆಟೋದಲ್ಲಿ ಸೀತಾಬರ್ಡಿಯ ದಮಯಂತಿಯ ಮನೆಗೆ ಕರೆದೊಯ್ದಳು. ಮೂರನೆಯ ಮಹಡಿಯಲ್ಲಿ ಗಂಟೆ ಒತ್ತಿ, ತಾನು ಎರಡು ಮೆಟ್ಟಿಲು ಕೆಳಗೆ ಸರಿದು ನಿಂತಳು. ಬಾಗಿಲು ತೆರೆದ ದಮಯಂತಿಯ ಬಲಗೈ ಪ್ಲಾಸ್ಟರಿನಲ್ಲಿತ್ತು. ಎಡಗೈಯಿಂದ ಚಿಲಕ ತೆಗೆಯಲು ಅವಳು ಪಟ್ಟ ಕಷ್ಟದ ಸದ್ದನ್ನು ಮಲ್ಲೇಶಪ್ಪ ಹೊರಗಿನಿಂದಲೇ ಕೇಳಿದ್ದ. ಕೈ ಮುಗಿದು, ತಲೆ ತಗ್ಗಿಸಿ, ಮೊದಲಿನಿಂದ ಹೇಳತೊಡಗಿದ.