ಮಂದಿ ಪಲ್ಯದ ದೇವಿಂದ್ರಪ್ಪ

ಕಡಿಮೆ ಖರ್ಚಿನಲ್ಲಿ ದಿನಕ್ಕೊಂದು ಬಗೆಯ ಬುತ್ತಿ ಉಣ್ಣುವುದು ಹೇಗೆಂದು ದೇವಿಂದ್ರಪ್ಪನನ್ನು ಕೇಳಬೇಕಿತ್ತು. ಕೇಳದಿದ್ದರೂ ಹೇಳುತ್ತಿದ್ದ. ಎಂಬತ್ನಾಲ್ಕರಲ್ಲಿ ನಾನು ಬಿ.ಎ. ಮುಗಿಸಿ ಜೇವರ್ಗಿಯ ಸರ್ಕಾರಿ ಕಚೇರಿಯೊಂದಕ್ಕೆ ಗುಮಾಸ್ತನಾಗಿ ಸೇರಿದ ದಿನವೇ ಈ ಹೆಡ್ ಕ್ಲರ್ಕ್ ಹೆಗಲ ಮೇಲೆ ಕೈಯಿಟ್ಟ.

"ತಮ್ಮಾ, ರೊಟ್ಟಿ ಮನಿದು ಇರಬೇಕು, ಪಲ್ಯ ಮಂದಿದು ಇರಬೇಕು. ರೊಕ್ಕ ಉಳೀತದ, ನಾಲಿಗಿಗೂ ಬ್ಯಾಸರಿಲ್ಲ."

ತಮಾಷೆ ಎಂದುಕೊಂಡೆ. ಅದು ಅವನ ಜೀವನಧರ್ಮವಾಗಿತ್ತು.

ಬಡವನಾಗಿದ್ದರೆ ಯಾರೂ ಅವನ ತುತ್ತು ಎಣಿಸುತ್ತಿರಲಿಲ್ಲ. ಆಳಂದದ ಹತ್ತಿರ ಕಪ್ಪು ಮಣ್ಣಿನ ತೊಗರಿ ಹೊಲ, ಮನೆಯಲ್ಲಿ ಹೈನ, ಕೈಯಲ್ಲಿ ಉಂಗುರ. ಆದರೂ ಅವನ ಡಬ್ಬಿಯಲ್ಲಿ ಜೋಳದ ರೊಟ್ಟಿ ಬಿಟ್ಟರೆ ಚಿಟಿಕೆ ಶೇಂಗಾ ಹಿಂಡಿಯೂ ಇರುತ್ತಿರಲಿಲ್ಲ. ಮಧ್ಯಾಹ್ನ ನಾವೆಲ್ಲ ಉದ್ದನೆಯ ಬೆಂಚಿನ ಮೇಲೆ ಪೇಪರು ಹಾಸಿ ಕೂಡಿ ಉಣ್ಣುತ್ತಿದ್ದೆವು. ಅವನ ಕೈ ಟೈಪಿಸ್ಟ್ ಶಾರದಾಬಾಯಿಯ ಎಣ್ಣೆಗಾಯಿಗೆ ಹೋಗಿ, ಚಂದ್ರಾಮಪ್ಪನ ಝುಣಕಕ್ಕೆ ಬಂದು, ನನ್ನ ಹೆಸರುಕಾಳಿನಲ್ಲಿ ಇಳಿಯುತ್ತಿತ್ತು. ತಳ ಒರೆಸುತ್ತಲೇ, "ಉಪ್ಪು ಜರಾ ಮುಂದಾಗ್ಯದ ನೋಡ್" ಎಂದು ತಪ್ಪನ್ನೂ ಹುಡುಕುತ್ತಿದ್ದ. ಯಾರಾದರೂ ಮುಖ ಗಂಟಿಕ್ಕಿದರೆ ಬಸವಣ್ಣನವರ ಹೆಸರು ಎತ್ತುತ್ತಿದ್ದ. "ಕೂಡಿ ಉಣ್ಣೋದೇ ದಾಸೋಹ ಅದರಿ. ನಂದು ನಿಂದು ಅನಬಾರದು."

ಆ ಮಳೆಗಾಲ ದಶರಥ ಎಂಬ ಹೊಸ ಗುಮಾಸ್ತ ಬಂದ. ಕೊಳಕೂರಿನ ದಲಿತ ಕೇರಿಯ ಬೌದ್ಧರ ಮನೆಯವನು, ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗ. ಚಂದ್ರಾಮಪ್ಪ ಸರಿದು ಜಾಗ ಕೊಟ್ಟ. ದಶರಥ ಡಬ್ಬಿ ತೆರೆದು ತಾಯಿ ಸಾಬವ್ವ ಮಾಡಿದ ಪುಂಡಿ ಪಲ್ಯವನ್ನು ಎಲ್ಲರ ನಡುವೆ ಇಟ್ಟ. ದೇವಿಂದ್ರಪ್ಪನ ಕೈ ಅರ್ಧದಲ್ಲೇ ನಿಂತಿತು.

"ನಾಳಿಂದ ಎಲ್ಲಾರೂ ತಮ್ಮ ತಮ್ಮ ಟೇಬಲ್ ಮ್ಯಾಲೇ ಉಣ್ರಿ" ಎಂದ. "ಇಲ್ಲಿ ಫೈಲಿಗಿ ಎಣ್ಣಿ ಹತ್ತಾಕತ್ತದ."

ಆ ಬೆಂಚಿನ ಮೇಲೆ ಫೈಲು ಇಟ್ಟವರೇ ಇರಲಿಲ್ಲ. ದಶರಥನಿಗೆ ಅರ್ಥವಾಯಿತು. ಡಬ್ಬಿ ಮುಚ್ಚಿಕೊಂಡು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕುಳಿತ.

ಮರುದಿನ ದೇವಿಂದ್ರಪ್ಪ ತನ್ನ ಟೇಬಲ್ಲಿನಲ್ಲಿ ಡಬ್ಬಿ ತೆರೆದು, ಒಣ ರೊಟ್ಟಿಯನ್ನು ನೋಡುತ್ತ ಕುಳಿತುಬಿಟ್ಟ. ಅಪ್ಪಣೆ ಹೊರಡಿಸುವ ಗಡಿಬಿಡಿಯಲ್ಲಿ ಮಹಾಶಯನಿಗೆ ತನ್ನ ಹತ್ತಿರ ಪಲ್ಯವೇ ಇಲ್ಲವೆಂಬುದು ಹೊಳೆದಿರಲಿಲ್ಲ.

ದಶರಥ ಮತ್ತೆ ಮರದ ಕಡೆಗೆ ಎದ್ದ. ಶಾರದಾಬಾಯಿ ಅವನನ್ನು ತಡೆದಳು.

"ಎಲ್ಲಿಗಿ ಹೊಂಟಿ? ಟೇಬಲ್ ಮ್ಯಾಲೇ ಉಣ್ಣಬೇಕಂತ ಅಪ್ಪಣಿ ಆಗ್ಯದ. ನಂದರ ಅಲ್ಲಾಡ್ತದ, ನಿನ್ನ ಟೇಬಲ್‌ಗೇ ಬರ್ತೇನಿ."

"ಬ್ಯಾಡ್ರಿ ಅಕ್ಕೋರ, ನಿಮಗ ಮಾತು ಬರ್ತದ."

"ಬರಲಿ. ಮಂದಿ ಮಾತು ನನ್ನ ಹೊಟ್ಟಿ ತುಂಬಸ್ತದೇನು? ಡಬ್ಬಿ ತಗಿ."

ನಾವೂ ಕುರ್ಚಿ ಎಳೆದುಕೊಂಡೆವು. ಟೇಬಲ್ ಸಣ್ಣದು, ಡಬ್ಬಿಗಳು ಹಿಡಿಸಲಿಲ್ಲ. ಶಾರದಾಬಾಯಿ ಒಂದು ದೊಡ್ಡ ತಟ್ಟೆ ತಂದು ಎಲ್ಲ ಪಲ್ಯಗಳನ್ನೂ ಅದರಲ್ಲೇ ಸುರಿದಳು.

ನಾಲ್ಕು ದಿನ ದೇವಿಂದ್ರಪ್ಪ ರೊಟ್ಟಿಯ ಮೇಲೆ ಖಾರ ಉದುರಿಸಿಕೊಂಡು ತಿಂದ. ಐದನೆಯ ದಿನ ಎಣ್ಣೆಗಾಯಿಯ ವಾಸನೆ ತಡೆಯಲಾರದೆ ಕೈಯಲ್ಲಿ ರೊಟ್ಟಿ ಹಿಡಿದೇ ಬಂದ.

"ಏನ್ರಿ ಶಾರದಾಬಾಯಿ, ನಮ್ಮನ್ನ ಮರ್ತೇ ಬಿಟ್ರಿ?"

"ಯಾರು ಬ್ಯಾಡ ಅಂದಾರ? ಕೂಡ್ರಿ."

ಅವನು ತಟ್ಟೆ ನೋಡಿದ. ಎಣ್ಣೆಗಾಯಿಯ ರಸ ಪುಂಡಿ ಪಲ್ಯದೊಳಗೆ ಹರಿದಿತ್ತು.

"ಇದ್ರಾಗ ಯಾವುದು ಯಾರ್ದು?" ಎಂದು ಮೆಲ್ಲಗೆ ಕೇಳಿದ.

"ದಾಸೋಹದಾಗ ನಂದು ನಿಂದು ಇರ್ತದೇನ್ರಿ?" ಎಂದಳು ಶಾರದಾಬಾಯಿ.

ಚಂದ್ರಾಮಪ್ಪ ನೀರು ಕುಡಿಯುತ್ತಿದ್ದವನು ನಕ್ಕು ನೆತ್ತಿಗೇರಿಸಿಕೊಂಡ. ದಶರಥ ಮಾತ್ರ ನಗಲಿಲ್ಲ. ಕುರ್ಚಿ ಸರಿಸಿ, "ಉಣ್ರಿ, ಸಾಹೇಬ್ರ" ಎಂದು ತಟ್ಟೆಯನ್ನು ಅವನ ಕಡೆ ತಳ್ಳಿದ. ದೇವಿಂದ್ರಪ್ಪನ ಬಾಯಲ್ಲಿ ನೀರು ಬಂದದ್ದು ನಮಗೆಲ್ಲ ಕಾಣುತ್ತಿತ್ತು. ನುಂಗಿಕೊಂಡು ವಾಪಸು ಹೋದ.

ನಿವೃತ್ತಿಯಾಗುವತನಕ ಅವನು ತನ್ನ ಟೇಬಲ್ಲಿನಲ್ಲೇ ಗೋಡೆಗೆ ಮುಖ ಮಾಡಿ ಒಣ ರೊಟ್ಟಿ ಅಗಿದ. ಪಲ್ಯ ತರಲು ಜಿಪುಣತನ ಬಿಡಲಿಲ್ಲ, ನಮ್ಮೊಡನೆ ಕೂಡಲು ಜಾತಿ ಬಿಡಲಿಲ್ಲ. ಮಂದಿಯ ಡಬ್ಬಿಗೆ ಕೈ ಹಾಕುವಾಗ ಇಲ್ಲದ ಮಾನ ಅವನಿಗೆ ಬಂದದ್ದು ದಶರಥನ ಟೇಬಲ್ಲಿನ ಮುಂದೆ.

ಅವತ್ತು ಅವನು ಹೋದ ಮೇಲೆ ನಾವೆಲ್ಲ ಉಂಡು ಮುಗಿಸಿದಾಗ ದಶರಥ ತಟ್ಟೆಯತ್ತ ನೋಡಿದ. ಪುಂಡಿ ಪಲ್ಯದ ಒಂದು ಎಸಳೂ ಉಳಿದಿರಲಿಲ್ಲ.

"ನಾಳಿ ಅವ್ವಗ ಜಾಸ್ತಿ ಮಾಡು ಅಂತೇನಿ" ಎಂದ.