ವೀಣೆಗೆ ಛತ್ರಿ ಹಿಡಿದ ಮಿಸ್

ಮಿಸ್ ಅವರ ಎಡಗೈಯ ಎರಡು ಬೆರಳುಗಳ ತುದಿಯಲ್ಲಿ ತಂತಿ ಕೊರೆದ ಗೆರೆಗಳಿದ್ದವು. ಕಪ್ಪಗೆ, ಆಳವಾಗಿ, ಹಳೆಯ ಈಳಿಗೆಮಣೆಯ ಮೇಲಿನ ಗೀಟುಗಳ ಹಾಗೆ. ಮೇಲೆ ಸದಾ ಕೊಬ್ಬರಿ ಎಣ್ಣೆಯ ಪಸೆ. ಆ ಬೆರಳುಗಳನ್ನು ಅವರ ಮೊಬೈಲು ಒಂದು ದಿನವೂ ಗುರುತು ಹಿಡಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಬಲಗೈಯ ಬೆರಳು ಕೊಡುತ್ತಿದ್ದರು, ಇಲ್ಲವೇ ನಾಲ್ಕು ಅಂಕಿ ನೆನಪಿಟ್ಟುಕೊಳ್ಳುತ್ತಿದ್ದರು. ಮಿಸ್ ಬೀಗವನ್ನೇ ತೆಗೆಸಿಹಾಕಿದರು. "ನನ್ನ ಫೋನೇ ನನ್ನನ್ನ ನೀನ್ಯಾರು ಅಂತ ಕೇಳಿದ್ರೆ ಹೇಗೆ ಕಣೇ?"

ಬೀಗಗಳ ಬಗ್ಗೆ ಅವರ ಒಟ್ಟು ಅಭಿಪ್ರಾಯವೇ ಅಷ್ಟು. ಇದರಿಂದಾಗಿ ನನ್ನ ತಲೆಗೂದಲು ಎಷ್ಟು ಬೆಳ್ಳಗಾಯಿತೆಂದು ನಾನು ಅವರಿಗೆ ಹೇಳಲಿಲ್ಲ. ಹೇಳಿದ್ದರೂ "ಮೆಹಂದಿ ಹಚ್ಕೋ" ಅನ್ನುತ್ತಿದ್ದರು.

ವೀಣೆ ಕಲಿಸುವವರಿಗೆ 'ಮಿಸ್' ಎಂಬ ಹೆಸರು ಅಂಟಿದ್ದು ನನ್ನಿಂದಲೇ. ಕಾನ್ವೆಂಟಿನ ಯೂನಿಫಾರ್ಮಿನಲ್ಲೇ ಅವರ ಮಲ್ಲೇಶ್ವರದ ಮನೆಗೆ ಹೋಗಿ, ಮೊದಲ ದಿನ ಬಾಗಿಲಲ್ಲಿ ನಿಂತು "ಗುಡ್ ಈವ್ನಿಂಗ್, ಮಿಸ್" ಅಂದೆ. ಅವರು ಸೆರಗಿನಲ್ಲಿ ನಗು ಮುಚ್ಚಿಕೊಂಡು "ಬಾ, ಕೂತ್ಕೋ" ಅಂದರು. ಆಮೇಲೆ ಬಂದ ಮಕ್ಕಳೆಲ್ಲ ಹಾಗೇ ಕರೆದರು. ನನಗೆ ವೀಣೆ ಬರಲಿಲ್ಲ, ಮಿಸ್ ಉಳಿದರು. ಮದುವೆಯಾಗಿ ವೈಯಾಲಿಕಾವಲಿಗೆ ಬಂದ ಮೇಲೂ ನಡೆದು ಹೋಗುವಷ್ಟೇ ದೂರ. ತರಕಾರಿ ತರಲು ಹೊರಟರೆ ಅವರ ಮನೆಗೊಮ್ಮೆ ಇಣುಕದೆ ಹಿಂದಿರುಗುತ್ತಿರಲಿಲ್ಲ.

ಮಕ್ಕಳು ಸಂಗೀತ ಬಿಡುವುದು ಹೊಸದಲ್ಲ. ಹತ್ತನೇ ಕ್ಲಾಸು ಬಂತೆಂದು ಬಿಡುತ್ತಾರೆ, ಪಿಯುಸಿ ಬಂತೆಂದು ಬಿಡುತ್ತಾರೆ, ಫ್ಲ್ಯಾಟಿನಲ್ಲಿ ವೀಣೆ ಇಡಲು ಜಾಗವಿಲ್ಲವೆಂದು ಬಿಡುತ್ತಾರೆ. ಬಿಟ್ಟವರೆಲ್ಲ ವಾದ್ಯವನ್ನು ಬೆಡ್‌ಶೀಟಿನಲ್ಲಿ ಸುತ್ತಿ ತಂದು, "ಮಿಸ್, ನುಡಿಸೋರು ಯಾರಾದ್ರೂ ಸಿಕ್ರೆ ಕೊಟ್ಬಿಡಿ" ಎಂದು ಅವರ ಹಜಾರದಲ್ಲಿ ಮಲಗಿಸಿ ಹೋಗುತ್ತಿದ್ದರು. ವೀಣೆಗಳು, ಪಿಟೀಲುಗಳು, ಒಂದು ಹಾರ್ಮೋನಿಯಂ, ಅದೇಕೋ ಒಂದು ಗಿಟಾರ್ ಕೂಡ. ಒಬ್ಬರೇ ಇರುತ್ತಿದ್ದ ಮಿಸ್ ಅವರ ಹಾಸಿಗೆ ಸರಿದು ಸರಿದು ಅಡುಗೆಮನೆಯ ಹೊಸ್ತಿಲಿಗೆ ಬಂದಿತ್ತು. ಕೊನೆಗೆ ನನ್ನ ಮಗಳು, ಹಳೆಯ ಸಾಮಾನು ಮಾರುವ ಆ್ಯಪಿನಲ್ಲಿ ಹಾಕೋಣ ಎಂದಳು. ಜಾಹೀರಾತು ಬರೆಯಲು ನಾನು ಕೂತೆ. ಮಿಸ್ ಹೇಳಿ ಬರೆಸಿದರು.

"ಯಾವಾಗ ಬೇಕಾದ್ರೂ ಬರಬಹುದು ಅಂತ ಹಾಕು. ಒಬ್ಬಳೇ ಇರ್ತೀನಿ ಅಂತಾನೂ ಹಾಕು."

"ಮಿಸ್, ಅದನ್ನ ಯಾರಾದ್ರೂ ಹಾಕ್ತಾರಾ?"

"ಮನೇಲಿ ಜನ ಜಾಸ್ತಿ ಇದ್ರೆ ಸಂಕೋಚ ಪಟ್ಕೊಂಡು ಬರೋದೇ ಇಲ್ಲ ಕಣೇ. ಮಧ್ಯಾಹ್ನ ಮಲಗಿರ್ತೀನಿ, ಬೆಲ್ ಕೆಟ್ಟಿದೆ, ಬಾಗಿಲು ತಳ್ಕೊಂಡು ಬನ್ನಿ ಅಂತ ಬರಿ."

ನಾನು ಇದ್ಯಾವುದನ್ನೂ ಬರೆಯಲಿಲ್ಲ. ಮನೆಯ ವಿಳಾಸವನ್ನೂ ಹಾಕಲಿಲ್ಲ. ಆದರೆ ಫೋನ್ ಮಾಡಿದವರಿಗೆಲ್ಲ ಮಿಸ್ ಇಷ್ಟನ್ನೂ ಬಾಯಲ್ಲೇ ಹೇಳುತ್ತಿದ್ದರು, ಜೊತೆಗೆ ಯಾವ ತಿರುವಿನಲ್ಲಿ ನಾಯಿ ಕಚ್ಚುತ್ತದೆ ಎಂಬುದನ್ನೂ.

ಅದಕ್ಕಿಂತ ದೊಡ್ಡ ಗೋಳು ವಾದ್ಯ ತೋರಿಸುವ ಅವರ ಪದ್ಧತಿ. "ವಾದ್ಯ ಕಣ್ಣಿಂದ ಕೊಳ್ಳೋದಲ್ಲ" ಎನ್ನುವುದು ಅವರ ಮಾತು. ಕೇಳಿಸಬೇಕಾದರೆ ನಿಶ್ಶಬ್ದ ಬೇಕು. ಹಾಗಾಗಿ ಬಂದವರನ್ನು, ಅವರು ಯಾರೇ ಆಗಿರಲಿ, ಒಳಗೆ ಕರೆದು ಕಿಟಕಿಗಳನ್ನು ಮುಚ್ಚುತ್ತಿದ್ದರು. ಬೀದಿಯ ಹಾರ್ನ್ ಕೇಳಬಾರದೆಂದು ಮುಂಬಾಗಿಲ ಅಗುಳಿ ಹಾಕುತ್ತಿದ್ದರು. ಫ್ಯಾನ್ ಆರಿಸುತ್ತಿದ್ದರು. ನಡುವೆ ಬಡಿದುಕೊಂಡೀತೆಂದು ಫೋನನ್ನೂ ಆರಿಸುತ್ತಿದ್ದರು. ಗುರುತುಪರಿಚಯವಿಲ್ಲದವರ ಜೊತೆ ಏನೇನು ಮಾಡಬಾರದು ಎಂದು ಮಗಳು ನನಗೆ ಪಾಠ ಹೇಳಿದ್ದಳೋ ಅದಷ್ಟನ್ನೂ ಈ ಮಹಾತಾಯಿ ಒಂದೂ ಬಿಡದೆ ಮಾಡುತ್ತಿದ್ದರು.

"ಅವರು ಏನಾದ್ರೂ ಮಾಡಿದ್ರೆ?" ಅಂದೆ.

"ಏನು ಮಾಡ್ತಾರೆ? ಶ್ರುತಿ ಸರಿ ಇದ್ಯೋ ಇಲ್ವೋ ಅಂತ ಕೇಳಕ್ಕೆ ಬಂದೋರು."

ಒಮ್ಮೆ ಹಟ ಹಿಡಿದು, ಪಿಟೀಲು ಕೊಳ್ಳಲು ಬರುವವನನ್ನು ಸಂಪಿಗೆ ರಸ್ತೆಯ ಮಾಲಿನ ಬಾಗಿಲಿಗೆ ಬರಹೇಳಿದೆ. ಜನವಿದ್ದಾರೆ, ಕ್ಯಾಮೆರಾ ಇದೆ, ಸೆಕ್ಯೂರಿಟಿಯವನಿದ್ದಾನೆ. ಬಂದವನು ಕಮಾನು ಎಳೆದ. ಬಸ್ಸಿನ ಹಾರ್ನ್, ಹೂವಿನವಳ ಕೂಗು, ಮಾಲಿನೊಳಗಿಂದ ಡಬಡಬ ಸಂಗೀತ. ಮಿಸ್ ಎರಡೂ ಕಿವಿ ಮುಚ್ಚಿಕೊಂಡರು. "ಇಲ್ಲಿ ತುತ್ತೂರಿ ಮಾರಬಹುದು, ಪಿಟೀಲು ಮಾರಕ್ಕಾಗಲ್ಲ" ಎಂದವರೇ ಆಟೋ ನಿಲ್ಲಿಸಿ ಆ ಅಪರಿಚಿತನನ್ನು ಹತ್ತಿಸಿಕೊಂಡು ಮನೆಗೆ ಕರೆದೊಯ್ದರು. ನನಗೆ ಆಟೋದಲ್ಲಿ ಜಾಗವಿರಲಿಲ್ಲ, ಮಧ್ಯದಲ್ಲಿ ಪಿಟೀಲು ಇತ್ತು. ನಾನು ನಡೆದೆ.

ಕೊನೆಗೆ ಆದ ಒಪ್ಪಂದವೆಂದರೆ, ಯಾರಾದರೂ ಬಂದಾಗ ನಾನು ಮುಂಬಾಗಿಲ ಮೆಟ್ಟಿಲ ಮೇಲೆ ಕೂರುವುದು. ಬಂದವರ ಚಪ್ಪಲಿ ನನ್ನ ಕಣ್ಣೆದುರು, ವೀಣೆಯ ಸದ್ದು ಬಾಗಿಲ ಹಿಂದೆ. ಸದ್ದು ಬರುತ್ತಿರುವ ತನಕ ನನಗೆ ಧೈರ್ಯ. ಸದ್ದಿಲ್ಲದಿದ್ದರೂ ಮಿಸ್ ಬೈಯುವುದು ಕೇಳಿಸಿದರೆ ಸಾಕಿತ್ತು.

ಆ ದಿನ ಬಂದವರು ಇಬ್ಬರು. ಮೆಟ್ಟಿಲಲ್ಲಿ ಚಪ್ಪಲಿ ಜೋಡಿಸಿಟ್ಟು, ನನಗೂ ಕೈಮುಗಿದು ಒಳಗೆ ಹೋದರು. ದಾವಣಗೆರೆಗೆ ಮದುವೆಯಾಗಿ ಹೋದ ಹುಡುಗಿಯೊಬ್ಬಳ ವೀಣೆ ನೋಡುವುದಕ್ಕೆ. ಒಳ್ಳೆಯ ಹಲಸಿನ ಮರದ್ದು, ದಂತದಂಥ ಕೆತ್ತನೆ. ಸ್ವಲ್ಪ ಹೊತ್ತು ಮೀಟಿದ ಸದ್ದು. ಆಮೇಲೆ ಮಾತು. ಆಮೇಲೆ ಏನೂ ಇಲ್ಲ. ಚಪ್ಪಲಿ ಇದೆಯಲ್ಲ ಎಂದು ಕೂತೆ. ಇನ್ನೂ ಏನೂ ಇಲ್ಲ. ಬಾಗಿಲು ಬಡಿದೆ. "ಮಿಸ್! ಮಿಸ್!" ಎಂದು ಕೂಗಿದೆ. ಒಳಗೆ ಯಾರೂ ಇಲ್ಲದ ಮನೆಯ ಸದ್ದು. ಅವರನ್ನು ತಳ್ಳಿದರೋ, ಬಾಯಿಗೆ ಬಟ್ಟೆ ತುರುಕಿದರೋ ಎಂದುಕೊಳ್ಳುತ್ತ ಮನೆಯ ಪಕ್ಕದ ಸಂದಿಯಲ್ಲಿ ಸೀರೆ ಎತ್ತಿಕೊಂಡು ಹಿತ್ತಿಲ ಕಡೆಗೆ ಓಡಿದೆ.

ಹಿತ್ತಿಲ ಬಾಗಿಲಾಚೆ, ಮನೆಗಳ ಬೆನ್ನಿಗೆ ಹಾದುಹೋಗುವ ಕಿರುಗಲ್ಲಿ. ಅಲ್ಲಿ ಮೆರವಣಿಗೆಯೊಂದು ಹೊರಟಿತ್ತು. ಬರಿಗಾಲಿನ ಇಬ್ಬರೂ ವೀಣೆಯನ್ನು ಆಚೆ ಈಚೆ ಹಿಡಿದು ನಡೆಯುತ್ತಿದ್ದಾರೆ. ಪಕ್ಕದಲ್ಲಿ ಮಿಸ್, ವೀಣೆಗೆ ಬಿಸಿಲು ಬೀಳದ ಹಾಗೆ ತಮ್ಮ ಕರಿ ಛತ್ರಿ ಹಿಡಿದುಕೊಂಡು ಹೆಜ್ಜೆ ಹಾಕುತ್ತಿದ್ದಾರೆ. ವೀಣೆಯ ತಂತಿಯಡಿಯ ಹಿತ್ತಾಳೆ ಮೆಟ್ಟುಗಳನ್ನು ಕೂರಿಸುವುದು ಮೇಣದಲ್ಲಿ, ಬಿಸಿಲು ತಾಕಿದರೆ ಮೆತ್ತಗಾಗುತ್ತದೆ. "ನಿಧಾನ ಕಣಪ್ಪಾ, ಸೋರೆಬುರುಡೆ ಗೋಡೆಗೆ ತಾಗುತ್ತೆ," ಎಂದು ಅವರಿಗೆ ದಾರಿ ತೋರಿಸುತ್ತಿದ್ದಾರೆ. ಗಲ್ಲಿಯ ಕೊನೆಯಲ್ಲಿ ಎಂಜಿನ್ ಆರಿಸದೆ ನಿಂತ ಕಾರು, ಡಿಕ್ಕಿ ತೆರೆದಿದೆ.

ನನಗೆ ಯಾರನ್ನೂ ಗದರಿ ಅಭ್ಯಾಸವಿಲ್ಲ. ಶಾಲೆಯ ವರಾಂಡದಲ್ಲಿ ಓಡುವವರಿಗೆ ಸಿಸ್ಟರ್ ಹಾಕುತ್ತಿದ್ದ ಕೂಗೊಂದೇ ಬಾಯಿಗೆ ಬಂತು. "ಗರ್ಲ್ಸ್! ಸ್ಟಾಪ್!"

ಮೀಸೆ ಹೊತ್ತ ಇಬ್ಬರೂ ನಿಂತರು.

"ಅಪ್ಪಾಜಿಗೆ ತೋರಿಸ್ತಿದೀವಿ ಮೇಡಂ," ಅಂದ ಒಬ್ಬ. "ಕಾರಲ್ಲಿದಾರೆ. ಮಂಡಿ ನೋವು, ಮೆಟ್ಲು ಹತ್ತಕ್ಕಾಗಲ್ಲ. ಮುಂದ್ಗಡೆ ನಿಲ್ಸಿದ್ರೆ ಗಾಡಿ ಎತ್ಕೊಂಡು ಹೋಗ್ತಾರಲ್ಲ, ಅದಕ್ಕೇ ಈ ಕಡೆ."

ನಾನು ಅವರನ್ನು ದಾಟಿ ಕಾರಿನ ತನಕ ಹೋದೆ. ಸ್ಟೇರಿಂಗ್ ಹಿಡಿದ ಯುವಕನೊಬ್ಬ ಬಿಟ್ಟರೆ ಒಳಗೆ ಯಾರೂ ಇರಲಿಲ್ಲ. "ಎಲ್ಲಿ ಅಪ್ಪಾಜಿ?" ಎಂದು ತಿರುಗಿ ಕೇಳುವಷ್ಟರಲ್ಲಿ ಇಬ್ಬರೂ ವೀಣೆಯನ್ನು ನೆಲಕ್ಕೆ ಬಿಟ್ಟು ನನ್ನನ್ನು ಗೋಡೆಗೆ ಒತ್ತರಿಸಿಕೊಂಡು ಓಡಿ ಕಾರು ಹತ್ತಿದರು. ಕಾರು ಹೋಯಿತು. ನಂಬರ್ ನೋಡಬೇಕೆಂದು ಹೊಳೆದದ್ದು ಹೋದ ಮೇಲೆ.

ಮಿಸ್ ನೆಲದ ಮೇಲಿನ ವೀಣೆಗೆ ಇನ್ನೂ ಛತ್ರಿ ಹಿಡಿದೇ ಇದ್ದರು. "ಹಾಗೆ ಅರಚಿದ್ರೆ ಹೆದರ್ಕೊಳಲ್ವೇನೇ ಪಾಪ?"

"ಮಿಸ್, ಕಾರಲ್ಲಿ ಅಪ್ಪ ಇಲ್ಲ!"

"ಕರ್ಕೊಂಡು ಬರಕ್ಕೆ ಹೋಗಿರ್ಬೇಕು. ಚಪ್ಪಲಿ ಮೆಟ್ಲ ಮೇಲೇ ಇದೆಯಲ್ಲ, ಬರ್ತಾರೆ ಬಿಡು."

ನಾನು ಗಲ್ಲಿಯಲ್ಲೇ, ಕಸದ ಡಬ್ಬದ ಪಕ್ಕ, ಕುಸಿದು ಕೂತು ಅತ್ತೆ. ಸಿಟ್ಟಿಗೆ. "ವೀಣೆ ಹೋದ್ರೆ ಹೋಗ್ಲಿ. ನಿಮ್ಮನ್ನ ತಳ್ಳಿ ಹೋಗಿದ್ದಿದ್ರೆ? ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಯಾರು ನೋಡ್ತಾರೆ? ನಾನೇ ತಾನೆ?"

ಮಿಸ್ ಛತ್ರಿ ಮಡಚಿದರು. ಇಬ್ಬರೂ ಸೇರಿ ವೀಣೆಯನ್ನು ಒಳಗೆ ತಂದೆವು. ಅವರು ಕಾಫಿ ಬೆರೆಸಿ ನನಗೆ ಕೊಟ್ಟು, ತಮ್ಮ ಲೋಟ ಎತ್ತಿಕೊಂಡರು. ಮತ್ತೆ ಕೆಳಗಿಟ್ಟರು. ಎದ್ದು ಹೋಗಿ ಹಿತ್ತಿಲ ಬಾಗಿಲಿನ ಚಿಲಕ ಎಳೆದು ನೋಡಿ ಬಂದರು. ಕಳ್ಳರ ಭಯಕ್ಕೆ ಎಂದೂ ಬಾಗಿಲು ಹಾಕದವರು. ನಾನು ನೋಡಿದ್ದನ್ನು ನೋಡಿ "ಬೆಕ್ಕು ಬರುತ್ತೆ" ಎಂದು ಗೊಣಗಿದರು.

"ನಾಳಿದ್ದು ಇನ್ಯಾರೋ ಬರ್ತಾರಂತೆ," ಅಂದರು ಲೋಟವನ್ನು ಮತ್ತೆ ಎತ್ತಿಕೊಂಡು. "ನೀನು ಒಳಗೇ ಕೂತ್ಕೋ. ಆದ್ರೆ ಸುಮ್ನೆ ಕೂತು ಮುಖ ನೋಡ್ತಿದ್ರೆ ಬಂದೋರಿಗೆ ಮುಜುಗರ ಆಗುತ್ತೆ. ತಂಬೂರಿ ಹಿಡ್ಕೋ."

ಹಾಗೆ, ವೀಣೆ ಬಾರದ ನಾನು ಮಿಸ್ ಮನೆಯ ತಂಬೂರಿಯವಳಾದೆ. ಕಾವಲು ಕೂರಲು ಹೋದವಳಿಗೆ ಬಂದವರೆದುರಿಗೇ ಬೈಗುಳ: "ಬಾಗಿಲು ನೋಡ್ಬೇಡ, ತಂತಿ ನೋಡು!" ಹಿತ್ತಿಲ ಬಾಗಿಲಿಗೆ ಮಾತ್ರ ಬೀಗ ಬಿತ್ತು. ಬೀಗದ ಕೈಯನ್ನು ಅದೇ ಬಾಗಿಲ ಮೊಳೆಗೆ ನೇತುಹಾಕಿದರು. ಮುಂದಿನ ಮೆಟ್ಟಿಲ ಮೇಲೆ ಆ ಎರಡು ಜೊತೆ ಚಪ್ಪಲಿಗಳು ದೀಪಾವಳಿಯವರೆಗೂ ಕಾದವು.

ನಾನೂ ಒಂದು ಷರತ್ತು ಹಾಕಿದೆ. ವಾದ್ಯ ಒಯ್ಯುವವರು ಗೇಟಿನ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳಬೇಕು: ಮುಖ, ವಾದ್ಯ, ಹಿಂದೆ ಗಾಡಿಯ ನಂಬರ್. ಏನಾದರೂ ಆದರೆ ಪೊಲೀಸರಿಗೆ ಕೊಡಲು. ಮಿಸ್ ಎಂದಿಲ್ಲದ ಹಾಗೆ ತಕ್ಷಣ ಒಪ್ಪಿದರು. ಯಾಕೆಂದು ಮೊದಲ ಫೋಟೋದಲ್ಲೇ ತಿಳಿಯಿತು. ಸೆರಗು ಸರಿಮಾಡಿಕೊಂಡು ಬಂದು ಕೊಂಡವರ ಪಕ್ಕದಲ್ಲಿ, ಸರಿಯಾಗಿ ನಂಬರ್ ಪ್ಲೇಟಿಗೆ ಅಡ್ಡವಾಗಿ, ನಿಂತುಬಿಟ್ಟರು.

"ಮಿಸ್, ಸ್ವಲ್ಪ ಈಚೆ ಬನ್ನಿ."

"ಯಾಕೆ, ನಾನು ಚೆನ್ನಾಗಿಲ್ವಾ?"

ಪ್ರತಿ ಸಲವೂ ಇದೇ. ಎಡಕ್ಕೆ ಸರಿಸಿದರೆ ಬಂದವರ ಮುಖಕ್ಕೆ ಅಡ್ಡ, ಬಲಕ್ಕೆ ಸರಿಸಿದರೆ ನಂಬರಿಗೆ ಅಡ್ಡ.

ಹೋದ ವರ್ಷ ಆಷಾಢದಲ್ಲಿ ಮಿಸ್ ತೀರಿಕೊಂಡರು. ಜ್ವರ ಬಂತು, ಒಂದು ವಾರ ಮಲಗಿದರು, ಅಷ್ಟೇ. ದಾವಣಗೆರೆಯ ಹುಡುಗಿಯ ವೀಣೆ ಅಷ್ಟರಲ್ಲಿ ಒಬ್ಬ ಬ್ಯಾಂಕಿನಾಕೆಯ ಮನೆ ಸೇರಿತ್ತು. ಮೈಸೂರಿನಿಂದ ಬಂದ ಮಿಸ್ ಅವರ ತಮ್ಮನ ಮಗ ನನ್ನನ್ನು ಕೇಳಿದ: "ಆಂಟಿ, ಅತ್ತೇದು ಒಂದು ಒಳ್ಳೆ ಫೋಟೋ ಇದ್ಯಾ? ನಮ್ಮ ಹತ್ರ ಇರೋದೆಲ್ಲಾ ಹಳೇದು."

ನನ್ನ ಫೋನಿನಲ್ಲಿ ರಾಶಿ ಇದ್ದವು. ಒಂದರಲ್ಲೂ ಅವರು ಒಬ್ಬರೇ ಇರಲಿಲ್ಲ. ಎಲ್ಲದರಲ್ಲೂ ಯಾರೋ ಅಪರಿಚಿತರು ವಾದ್ಯ ಅಪ್ಪಿಕೊಂಡು ನಿಂತಿದ್ದಾರೆ, ಪಕ್ಕದಲ್ಲಿ ಮಿಸ್ ಹಲ್ಲು ಕಾಣುವ ಹಾಗೆ ನಗುತ್ತಿದ್ದಾರೆ. ಒಂದನ್ನು ಆರಿಸಿ ಕತ್ತರಿಸಿಕೊಟ್ಟೆ. ಎಷ್ಟು ಕತ್ತರಿಸಿದರೂ ಅವರ ಹೆಗಲ ಮೇಲಿನ ಹಸಿರು ಬಳೆಯ ಕೈಯೊಂದು ಉಳಿದುಕೊಂಡಿತು. ಅದನ್ನು ತೆಗೆದರೆ ಮಿಸ್ ಹೆಗಲೇ ಹೋಗುತ್ತಿತ್ತು.

ವೈಕುಂಠ ಸಮಾರಾಧನೆಯ ದಿನ ಮಲ್ಲಿಗೆ ಹಾರ ಹಾಕಿಟ್ಟ ಆ ಫೋಟೋದ ಮುಂದೆ ಒಬ್ಬಾಕೆ ನಿಂತು, "ಯಾರದು ಆ ಕೈ, ಮಗಳದಾ?" ಎಂದು ನನ್ನನ್ನು ಕೇಳಿದರು.

"ಯಾರೋ ಗೊತ್ತಿಲ್ಲ. ಪಿಟೀಲು ಕೊಳ್ಳಕ್ಕೆ ಬಂದಿದ್ರು," ಅಂದೆ. "ಗಾಡಿ ನಂಬರೂ ಕಾಣಲ್ಲ."